ಏರ್‌ಬ್ರಷ್ ಶುರು ಮಾಡಬೇಕು: ಯಾವ ಗನ್, ಯಾವ ಕಂಪ್ರೆಸರ್, ಯಾವ ಬಣ್ಣ?

ಡಬ್ಬಿವಿಮಾನ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ಲಾಸ್ಟಿಕ್ ಸ್ಕೇಲ್ ಮಾಡೆಲ್ ಕಟ್ಟುವ ಹುಚ್ಚು ನನಗೆ. ಇಲ್ಲಿಯವರೆಗೆ ಎಲ್ಲಾ ಕೈ ಬ್ರಷ್‌ನಲ್ಲೇ ನಡೆದಿದೆ. ಜೀಪು, ಟ್ಯಾಂಕು, ಟ್ರಕ್ಕು ಅಂದ್ರೆ ಬ್ರಷ್ ಗೆರೆ ಸ್ವಲ್ಪ ಕಂಡರೂ ಧೂಳು ಮಣ್ಣು ಬಳಿದು ಮುಚ್ಚಿಬಿಡಬಹುದು. ಆದರೆ ಈಗ 1/72 ಅಳತೆಯ ಮಿಗ್-21 ಯುದ್ಧವಿಮಾನದ ಕಿಟ್ ತಂದಿದ್ದೇನೆ. 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ನಮ್ಮ ವಾಯುಪಡೆ ಅದಕ್ಕೆ ಬೀಳ್ಕೊಡುಗೆ ಕೊಟ್ಟಿತಲ್ಲ, ಆಮೇಲೆ ಒಂದಾದರೂ ಶೆಲ್ಫಿನಲ್ಲಿ ಇರಲೇಬೇಕು ಅನ್ನಿಸಿತು. ಹಳೆಯ ಕಾಲದ, ಬಣ್ಣವಿಲ್ಲದ ಬೆಳ್ಳಿ ಮೈ ಮಾಡಬೇಕು ಅಂತ ಆಸೆ. ಬೆಳ್ಳಿ ಬಣ್ಣವನ್ನು ಕೈ ಬ್ರಷ್‌ನಲ್ಲಿ ಬಳಿದರೆ ಹೇಗೆ ಕಾಣುತ್ತದೆ ಅಂತ ಮಾಡಿದವರಿಗೆ ಗೊತ್ತು. ಅದಕ್ಕೇ ಏರ್‌ಬ್ರಷ್, ಅಂದ್ರೆ ಕಂಪ್ರೆಸರ್ ಕೊಡುವ ಗಾಳಿಯಲ್ಲಿ ಬಣ್ಣ ಸಿಂಪಡಿಸುವ ಪುಟ್ಟ ಗನ್, ಕೊಳ್ಳಬೇಕು ಅಂತಿದ್ದೇನೆ.

ನನ್ನ ಪರಿಸ್ಥಿತಿ ಹೀಗಿದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ, ಕೆಳಗೆ ಓನರ್. ಕೆಲಸ ಮುಗಿಸಿ ರಾತ್ರಿ ಒಂಬತ್ತರ ಮೇಲೆ ಕೂರುವವನು ನಾನು, ಹಾಗಾಗಿ ಗಡಗಡ ಸದ್ದು ಮಾಡುವ ಮಿಷನ್ ಆಗುವುದಿಲ್ಲ. ಸಣ್ಣ ಬಾಲ್ಕನಿ ಇದೆ. ಮನೆಯಲ್ಲಿ ಚಿಕ್ಕ ಮಗು ಇದೆ, ಅದಕ್ಕೇ ವಾಸನೆ ಬಗ್ಗೆ ಭಯ. ಎಲ್ಲಾ ಸೇರಿ ಹತ್ತು ಸಾವಿರದೊಳಗೆ ಮುಗಿಸಬೇಕು.

ಆನ್‌ಲೈನ್‌ನಲ್ಲಿ ನೋಡಿದರೆ ಗನ್‌ಗೇ ಪುಟ್ಟ ಬ್ಯಾಟರಿ ಕಂಪ್ರೆಸರ್ ಅಂಟಿಸಿದ, ಚಾರ್ಜ್ ಮಾಡಿ ಹೊಡೆಯುವ ಗನ್ ಅಗ್ಗಕ್ಕೆ ಸಿಗುತ್ತಿದೆ. ಅದು ಸಾಕಾ? ಅಥವಾ ಜಪಾನಿನ ಇವಾಟಾ ತರಹದ್ದಕ್ಕೇ ದುಡ್ಡು ಹಾಕಬೇಕಾ? ಮನೆಯಲ್ಲಿ ಫೆವಿಕ್ರಿಲ್, ಕ್ಯಾಮ್ಲಿನ್ ಅಕ್ರಿಲಿಕ್ ಬಾಟಲಿ ರಾಶಿ ಬಿದ್ದಿವೆ, ಅವನ್ನೇ ತೆಳು ಮಾಡಿ ಹೊಡೆಯಬಹುದಾ? ವಿಡಿಯೋ ಬೇಕಾದಷ್ಟು ನೋಡಿದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

---

ಮೂರನೇ_ಕೋಟು:

ನಿಮ್ಮ ಹತ್ತು ಸಾವಿರದಲ್ಲಿ ದೊಡ್ಡ ಪಾಲು ಗಾಳಿಗೆ, ಅಂದ್ರೆ ಕಂಪ್ರೆಸರ್‌ಗೆ ಹೋಗಲಿ, ಗನ್‌ಗೆ ಅಲ್ಲ. ಹೊಸಬರು ಎಲ್ಲರೂ ಉಲ್ಟಾ ಮಾಡುತ್ತಾರೆ.

ಏರ್‌ಬ್ರಷ್ ಅಂದ್ರೆ ಒಳಗೆ ಏನಿದೆ? ಒಂದು ಸೂಜಿ, ಅದು ಕೂರುವ ಒಂದು ಸಣ್ಣ ನಾಜಲ್, ಗಾಳಿ ಬಿಡುವ ಒಂದು ವಾಲ್ವ್. ಅಷ್ಟೇ. ಸೂಜಿ ಹಿಂದೆ ಸರಿದಷ್ಟೂ ಬಣ್ಣ ಜಾಸ್ತಿ ಬರುತ್ತದೆ. ಸುತ್ತಲಿಂದ ಬರುವ ಗಾಳಿ ಆ ಬಣ್ಣವನ್ನು ಎಳೆದು ಒಡೆದು ಹನಿ ಮಾಡುತ್ತದೆ. ಆ ಗಾಳಿ ಒಂದೇ ಸಮ ಬರದಿದ್ದರೆ ಜಗತ್ತಿನ ಬೆಸ್ಟ್ ಗನ್ ಕೊಟ್ಟರೂ ಚುಕ್ಕಿ ಚುಕ್ಕಿಯೇ. ನೀವು ಕೇಳಿದ ಬ್ಯಾಟರಿ ಗನ್‌ನ ತೊಂದರೆ ಇದೇ. ಟ್ಯಾಂಕ್ ಇಲ್ಲ, ಪಂಪಿನ ಹೊಡೆತ ನೇರ ನಾಜಲ್‌ಗೆ ಬರುತ್ತದೆ. ಒತ್ತಡ ಸಣ್ಣ ಸಣ್ಣದಾಗಿ ಏರಿಸಿ ಇಳಿಸಲು ಆಗುವುದಿಲ್ಲ, ಅರ್ಧ ಗಂಟೆ ಮುಕ್ಕಾಲು ಗಂಟೆಯಲ್ಲಿ ಚಾರ್ಜ್ ಖಾಲಿ, ಕೈಯಲ್ಲೇ ಬಿಸಿಯಾಗುತ್ತದೆ, ಕಂಪ್ರೆಸರ್ ಭಾರವೂ ಕೈಯಲ್ಲೇ ಇರುವುದರಿಂದ ಮಣಿಕಟ್ಟು ನೋಯುತ್ತದೆ. ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಕೊಡುವ ಕೋಟು) ಹೊಡೆಯಲು, ಸಣ್ಣ ಗೊಂಬೆಗೆ ಬೇಸ್ ಕೊಡಲು ಓಕೆ. ಮಿಗ್‌ನ ಬೆಳ್ಳಿ ಮೈಗೆ ಬೇಡ.

ಬೇಕಾಗಿರುವುದು ಏರ್‌ಬ್ರಷ್‌ಗೆಂದೇ ಬರುವ ಸಣ್ಣ ಪಿಸ್ಟನ್ ಕಂಪ್ರೆಸರ್. 1/6 ಹಾರ್ಸ್‌ಪವರ್ ಮೋಟಾರ್, ಮೂರು ಲೀಟರ್ ಟ್ಯಾಂಕ್, ಮುಂದೆ ಒತ್ತಡ ಹೊಂದಿಸುವ ರೆಗ್ಯುಲೇಟರ್ ಮತ್ತು ಗಾಳಿಯ ನೀರು ಹಿಡಿಯುವ ಬಟ್ಟಲು. ಟ್ಯಾಂಕ್ ಸುಮಾರು 4 ಬಾರ್ (ಗಾಳಿ ಒತ್ತಡದ ಅಳತೆ) ತುಂಬಿದರೆ ತಾನೇ ನಿಲ್ಲುತ್ತದೆ, 3ಕ್ಕೆ ಇಳಿದರೆ ತಾನೇ ಶುರುವಾಗುತ್ತದೆ. ಇದೇ ಕಂಪ್ರೆಸರ್ ಟ್ಯಾಂಕ್ ಇಲ್ಲದೆಯೂ ಬರುತ್ತದೆ, ಸ್ವಲ್ಪ ಅಗ್ಗ. ಆ ಆಸೆಗೆ ಬೀಳಬೇಡಿ. ಟ್ಯಾಂಕ್ ಇದ್ದರೆ ಗಾಳಿ ಸಮವಾಗಿ ಬರುತ್ತದೆ, ಮೋಟಾರಿಗೂ ನಡುವೆ ವಿಶ್ರಾಂತಿ ಸಿಗುತ್ತದೆ. ಸದ್ದು ಹಳೆಯ ಫ್ರಿಜ್‌ಗಿಂತ ಜಾಸ್ತಿ, ಮಿಕ್ಸಿಗಿಂತ ಎಷ್ಟೋ ಕಡಿಮೆ. ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಕೆಳಗಿನ ಮನೆಗೆ ಕೇಳಿಸುವುದು ಮೋಟಾರ್ ಸದ್ದಲ್ಲ, ನೆಲದ ನಡುಕ.

ಗನ್ ವಿಚಾರ. ಡಬಲ್ ಆಕ್ಷನ್, ಗ್ರ್ಯಾವಿಟಿ ಫೀಡ್, 0.3 ಮಿಲಿಮೀಟರ್ ನಾಜಲ್. ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ. ಡಬಲ್ ಆಕ್ಷನ್ ಅಂದ್ರೆ ಗುಂಡಿ ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಸಿಂಗಲ್ ಆಕ್ಷನ್‌ನಲ್ಲಿ ಎರಡೂ ಒಟ್ಟಿಗೆ ಬರುತ್ತವೆ, ಕಲಿಯಲು ಸುಲಭ ಅಂತ ಅಂಗಡಿಯವರು ಹೇಳುತ್ತಾರೆ, ಆದರೆ ಸ್ವಲ್ಪ ದಿನದಲ್ಲೇ ಸಾಲದು ಅನ್ನಿಸುತ್ತದೆ. ಗ್ರ್ಯಾವಿಟಿ ಫೀಡ್‌ನಲ್ಲಿ ಕಪ್ ಮೇಲೆ ಇರುತ್ತದೆ, ಬಣ್ಣ ತಾನೇ ಇಳಿಯುತ್ತದೆ, ಹಾಗಾಗಿ ಕಡಿಮೆ ಒತ್ತಡದಲ್ಲೂ ಕೆಲಸ ಆಗುತ್ತದೆ, ನಾಲ್ಕು ಹನಿ ಬಣ್ಣಕ್ಕೂ ನಡೆಯುತ್ತದೆ. ಕೆಳಗೆ ಬಾಟಲಿ ನೇತಾಡುವ ಸೈಫನ್ ಮಾದರಿ ಟೀ ಶರ್ಟ್, ಗೋಡೆ, ಬೈಕ್ ಟ್ಯಾಂಕ್ ಮಾಡುವವರಿಗೆ ಸರಿ. 0.2 ನಾಜಲ್ ನೋಡಿ ಆಸೆ ಪಡಬೇಡಿ. ಅದು ಸಣ್ಣ ಗೆರೆಗೆ ಒಳ್ಳೆಯದು, ಆದರೆ ಕಲಿಯುವ ಕೈಯಲ್ಲಿ ದಿನಾ ಕಟ್ಟಿಕೊಳ್ಳುತ್ತದೆ.

ಚೀನಾ ಗನ್‌ಗಳಲ್ಲಿ 130 ಅನ್ನುವ ಮಾದರಿ ಎಲ್ಲಾ ಕಡೆ ಸಿಗುತ್ತದೆ, ಎರಡು ಸಾವಿರ ಆಸುಪಾಸು. ಶುರುವಿಗೆ ಸಾಕು. ಒಂದೇ ಎಚ್ಚರಿಕೆ: ಅದರ ನಾಜಲ್ ಅಕ್ಕಿ ಕಾಳಿನಷ್ಟು ಇರುತ್ತದೆ, ಸ್ಕ್ರೂ ಥ್ರೆಡ್ ಇರುತ್ತದೆ, ಜತೆಗೆ ಬರುವ ಪುಟ್ಟ ಸ್ಪ್ಯಾನರ್‌ನಲ್ಲಿ ಸ್ವಲ್ಪ ಬಿಗಿ ಜಾಸ್ತಿ ಮಾಡಿದರೆ ಥ್ರೆಡ್ ಮುರಿದು ಅರ್ಧ ಒಳಗೇ ಉಳಿದುಬಿಡುತ್ತದೆ. ದಿನಾ ಬಿಚ್ಚಬೇಡಿ. ಬಿಚ್ಚುವಾಗ ಸಿಂಕ್ ಮೇಲೆ ಬಿಚ್ಚಬೇಡಿ.

ಇನ್ನೊಂದು, ಯಾರೂ ಮೊದಲು ಹೇಳದ ವಿಷಯ. ಪೈಪಿನ ಥ್ರೆಡ್. ಇವಾಟಾ ಮತ್ತು ಚೀನಾ ಗನ್‌ಗಳಿಗೆ 1/8 ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್ ಅಳತೆ). ಕಂಪ್ರೆಸರ್ ಕಡೆ 1/8 ಅಥವಾ 1/4 ಇರಬಹುದು. ಅಮೆರಿಕದ ಬ್ಯಾಡ್ಜರ್, ಪಾಶೆ ಎರಡಕ್ಕೂ ಅವರವರದೇ ಬೇರೆ ಥ್ರೆಡ್. ಗನ್ ಒಂದು ಕಡೆ, ಪೈಪ್ ಇನ್ನೊಂದು ಕಡೆ ತರಿಸುವುದಾದರೆ ಇದನ್ನು ನೋಡಿಕೊಂಡೇ ಆರ್ಡರ್ ಮಾಡಿ. ಇಲ್ಲದಿದ್ದರೆ ಡಬ್ಬಿ ಎಲ್ಲಾ ಬಂದು ಮೇಜಿನ ಮೇಲೆ ಕೂತಿರುತ್ತವೆ, ಒಂದು ಪುಟ್ಟ ಅಡಾಪ್ಟರ್‌ಗಾಗಿ ವಾರ ಕಾಯಬೇಕು.

ಬಣ್ಣದ ಬಗ್ಗೆ ನಾಳೆ ಬರೆಯುತ್ತೇನೆ, ಅದು ದೊಡ್ಡ ಕಥೆ.

---

ಹ್ಯಾಂಬರ್ಗ್‌_ಹೈದ:

ಮೇಲಿನವರ ಮಾತು ಬಹುಪಾಲು ಸರಿ, ಗನ್ ವಿಷಯ ಮಾತ್ರ ಒಪ್ಪುವುದಿಲ್ಲ. ಹೊಸಬರಿಗೇ ಒಳ್ಳೆಯ ಗನ್ ಬೇಕಾಗಿರುವುದು. ಬಣ್ಣ ಸರಿ ಬರದಿದ್ದಾಗ ತಪ್ಪು ಕೈಯದೋ ಗನ್‌ನದೋ ಅಂತ ಕಲಿಯುವವನಿಗೆ ಗೊತ್ತಾಗುವುದಿಲ್ಲ ಅಲ್ವಾ? ಅಗ್ಗದ ಗನ್‌ನಲ್ಲಿ ಸೂಜಿ ಮತ್ತು ನಾಜಲ್ ನಡುವೆ ಕೂದಲೆಳೆ ಅಂತರ ಉಳಿದಿದ್ದರೂ ಬಣ್ಣ ತಾನಾಗಿ ಜಿನುಗುತ್ತದೆ. ಅವನು ಪಾಪ ತೆಳು ಮಾಡುವುದು ಸರಿ ಆಗಿಲ್ಲ ಅಂದುಕೊಂಡು ವಾರಗಟ್ಟಲೆ ಅದನ್ನೇ ತಿದ್ದುತ್ತಾ ಕೂರುತ್ತಾನೆ.

ನಾನು ಇರುವುದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಪಕ್ಕದಲ್ಲೇ, ನಾರ್ಡರ್‌ಸ್ಟೆಟ್‌ನಲ್ಲಿ, ಏರ್‌ಬ್ರಷ್ ಮಾಡುವ ಹಾರ್ಡರ್ ಅಂಡ್ ಸ್ಟೀನ್‌ಬೆಕ್ ಕಂಪನಿ ಇದೆ. ಅವರ ಗನ್‌ಗಳಲ್ಲಿ ನಾಜಲ್‌ಗೆ ಥ್ರೆಡ್ಡೇ ಇಲ್ಲ, ಸುಮ್ನೆ ಇಟ್ಟು ಮುಂದಿನ ಕ್ಯಾಪ್ ಬೆರಳಲ್ಲಿ ತಿರುಗಿಸಿದರೆ ತಾನೇ ನೇರ ಕೂರುತ್ತದೆ, ಸ್ಪ್ಯಾನರ್ ಬೇಕಿಲ್ಲ. ಇವಾಟಾದ ಎಕ್ಲಿಪ್ಸ್ ಸಾಲಿನಲ್ಲೂ ಹೀಗೇ, ಥ್ರೆಡ್ ಇಲ್ಲದ 0.35 ನಾಜಲ್. ದಿನಾ ಬಿಚ್ಚಿ ತೊಳೆಯುವವರಿಗೆ ಇದು ದೊಡ್ಡ ನೆಮ್ಮದಿ. ಊರಿಗೆ ಬರುವ ಯಾರಾದರೂ ಇದ್ದರೆ ಒಂದು ತರಿಸಿಕೊಳ್ಳಿ, ಕಂಪ್ರೆಸರ್ ಅಲ್ಲೇ ತಗೊಳ್ಳಿ. ಬಣ್ಣ, ಅದನ್ನು ತೆಳು ಮಾಡುವ ಥಿನ್ನರ್ ಮಾತ್ರ ಯಾರ ಸೂಟ್‌ಕೇಸಿನಲ್ಲೂ ತರಿಸಬೇಡಿ. ಲ್ಯಾಕರ್ ಅನ್ನುವ ಜಾತಿಯ ಬಣ್ಣ ಬೆಂಕಿ ಹತ್ತುವ ವಸ್ತು, ವಿಮಾನದಲ್ಲಿ ಬಿಡುವುದಿಲ್ಲ.

---

ಮೂರನೇ_ಕೋಟು:

ಹ್ಯಾಂಬರ್ಗ್‌ನವರೇ, ನಿಮ್ಮ ಮಾತಿನಲ್ಲಿ ಅರ್ಥ ಇದೆ. ಆದರೆ ಅವರ ಬಜೆಟ್ ಹತ್ತು ಸಾವಿರ. ಒಳ್ಳೆಯ ಗನ್ ತಗೊಂಡು ಟ್ಯಾಂಕ್ ಇಲ್ಲದ ಕಂಪ್ರೆಸರ್‌ಗೆ ಜೋಡಿಸಿದರೆ ಏನು ಸುಖ? ಎರಡನೇ ಗನ್ ಯಾವಾಗ ಬೇಕಾದರೂ ಕೊಳ್ಳಬಹುದು. ಆಗಲೂ ಹಳೆಯದು ವ್ಯರ್ಥ ಆಗುವುದಿಲ್ಲ, ಪ್ರೈಮರ್ ಮತ್ತು ವಾರ್ನಿಶ್‌ಗೆ ಅದನ್ನೇ ಇಟ್ಟುಕೊಳ್ಳುತ್ತೇವೆ.

ಈಗ ಬಣ್ಣ. ಮಾಡೆಲ್ ಮಾಡುವವರು ಬಳಸುವುದು ಮುಖ್ಯವಾಗಿ ಮೂರು ಜಾತಿ. ವಲೆಹೊ ತರಹದ್ದು ನೀರಿನ ಅಕ್ರಿಲಿಕ್, ಸ್ಪೇನಿನದು. ವಾಸನೆ ಇಲ್ಲವೇ ಇಲ್ಲ ಅನ್ನಬಹುದು, ಆದರೆ ಸೂಜಿ ತುದಿಯಲ್ಲಿ ಬೇಗ ಒಣಗುತ್ತದೆ, ಪ್ರೈಮರ್ ಇಲ್ಲದೆ ಪ್ಲಾಸ್ಟಿಕ್‌ಗೆ ಹಿಡಿಯುವುದಿಲ್ಲ, ಉಗುರು ತಾಗಿದರೆ ಏಳುತ್ತದೆ. ಎರಡನೆಯದು ಟಮಿಯಾದ ಅಕ್ರಿಲಿಕ್, ಅದು ಆಲ್ಕೋಹಾಲ್ ಇರುವಂಥದ್ದು. ಅವರದೇ ಎಕ್ಸ್-20ಎ ಥಿನ್ನರ್ ಜತೆ ಬೆಣ್ಣೆ ಹಾಗೆ ಹೋಗುತ್ತದೆ. ಮೂರನೆಯದು ಪಕ್ಕಾ ಲ್ಯಾಕರ್, ಮಿಸ್ಟರ್ ಕಲರ್ ತರಹ. ಹಿಡಿತ, ನುಣುಪು ಎರಡರಲ್ಲೂ ಅದಕ್ಕೆ ಸಮ ಯಾವುದೂ ಇಲ್ಲ, ಆದರೆ ವಾಸನೆ ಮತ್ತು ವಿಷ ಎರಡೂ ಜಾಸ್ತಿ.

ಮುಖ್ಯ ನಿಯಮ ಒಂದು: ಒಂದು ಜಾತಿಯ ಬಣ್ಣಕ್ಕೆ ಇನ್ನೊಂದು ಜಾತಿಯ ಥಿನ್ನರ್ ಹಾಕುವ ಮುಂಚೆ ಹೊರಗೆ ಒಂದು ಮುಚ್ಚಳದಲ್ಲಿ ಕಲಸಿ ನೋಡಿ. ವಲೆಹೊಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದರೆ ಕಪ್ಪಿನಲ್ಲೇ ಗೊಂದಿನ ಹಾಗೆ ಮುದ್ದೆ ಕಟ್ಟುತ್ತದೆ. ಟಮಿಯಾಗೆ ಅದೇ ಆಲ್ಕೋಹಾಲ್ ಹಾಕಿ ನೋಡಿ, ಒಂದು ತೊಂದರೆಯೂ ಇಲ್ಲ.

ನಿಮ್ಮ ಮನೆಯಲ್ಲಿ ಮಗು ಇದೆ ಅಂದಿರಿ. ನೀರಿನ ಅಕ್ರಿಲಿಕ್‌ನಿಂದ ಶುರು ಮಾಡಿ. ಗನ್‌ಗೆಂದೇ ತೆಳು ಮಾಡಿಟ್ಟ ಬಾಟಲಿಗಳು ಸಿಗುತ್ತವೆ, ಆದರೂ ನಮ್ಮ ಒಣ ಹವೆಗೆ ಇನ್ನೆರಡು ಹನಿ ಥಿನ್ನರ್, ಒಂದು ಹನಿ ಫ್ಲೋ ಇಂಪ್ರೂವರ್ (ಬಣ್ಣ ಸರಾಗವಾಗಿ ಹರಿಯಲು ಹಾಕುವ ದ್ರವ) ಬೇಕಾಗುತ್ತದೆ. ಎಲ್ಲಾ ವಿಡಿಯೋದಲ್ಲೂ ಹಾಲಿನಷ್ಟು ತೆಳು ಅಂತಾರೆ. ಯಾವ ಹಾಲು ಸ್ವಾಮಿ, ನಂದಿನಿ ನೀಲಿ ಪ್ಯಾಕೆಟ್ಟೋ, ಹಸುವಿನ ಕೆಚ್ಚಲಿನದೋ? ಅದಕ್ಕಿಂತ ಒಳ್ಳೆಯ ಪರೀಕ್ಷೆ ಇದು. ಕಲಸಿದ ಬಣ್ಣವನ್ನು ಕಪ್ಪಿನ ಒಳಗೋಡೆಗೆ ಬ್ರಷ್‌ನಿಂದ ಹಚ್ಚಿ. ಜಾರಿ ಇಳಿಯಬೇಕು, ಇಳಿದ ಮೇಲೆ ಹಿಂದೆ ತೆಳುವಾದ ಬಣ್ಣದ ಪೊರೆ ಉಳಿಯಬೇಕು. ಜಾರದೆ ಅಂಟಿ ನಿಂತರೆ ದಪ್ಪ. ಪೂರಾ ತೊಳೆದಂತೆ ಇಳಿದರೆ ತೆಳು ಜಾಸ್ತಿ ಆಯಿತು.

ಒತ್ತಡ 15ರಿಂದ 20 ಪಿಎಸ್ಐ, ಇದೂ ಒತ್ತಡದ ಅಳತೆಯೇ. ಕೆಲವು ಮೀಟರ್‌ನಲ್ಲಿ ಬಾರ್ ಮಾತ್ರ ಇರುತ್ತದೆ, 1 ಬಾರ್ ಅಂದ್ರೆ 14.5 ಪಿಎಸ್ಐ, ಹಾಗಾಗಿ ಒಂದಕ್ಕಿಂತ ಸ್ವಲ್ಪ ಮೇಲೆ ಇಟ್ಟುಕೊಳ್ಳಿ. ಗುಂಡಿ ಒತ್ತಿ ಗಾಳಿ ಹೋಗುತ್ತಿರುವಾಗ ಮೀಟರ್ ನೋಡಿ ಸೆಟ್ ಮಾಡಬೇಕು, ಸುಮ್ನೆ ನಿಂತಾಗ ಅದು ಜಾಸ್ತಿ ತೋರಿಸುತ್ತದೆ.

---

ಮಣ್ಣಿನ_ಗಣಪ:

ನಾನು ಮಾಡೆಲ್ ಮಾಡುವವನಲ್ಲ. ನಮ್ಮದು ಮಣ್ಣಿನ ಮೂರ್ತಿ ಕೆಲಸ. ಜೂನ್‌ನಿಂದ ಚೌತಿವರೆಗೆ ಗನ್ ಕೈಯಿಂದ ಇಳಿಯುವುದಿಲ್ಲ. ಹಾಗಾಗಿ ಕೈ ಕಲಿಕೆ ಬಗ್ಗೆ ಮಾತ್ರ ಹೇಳುತ್ತೇನೆ.

ಗಣಪನ ಮೈಗೆ ಮೊದಲು ಬಿಳಿ, ಆಮೇಲೆ ತಿಳಿ ಚರ್ಮದ ಬಣ್ಣ ಒಂದೇ ಸಮ. ಇದನ್ನು ದೊಡ್ಡ ಸ್ಪ್ರೇ ಗನ್‌ನಲ್ಲೂ ಹೊಡೆಯಬಹುದು. ಏರ್‌ಬ್ರಷ್ ಬೇಕಾಗುವುದು ಆಮೇಲೆ. ಸೊಂಡಿಲ ಮಡಿಕೆ, ಕತ್ತಿನ ಗೆರೆ, ಹೊಕ್ಕಳ ಸುತ್ತ, ಬೆರಳ ಸಂದು, ಕಿವಿ ಅಂಚು, ಈ ಜಾಗಗಳಿಗೆ ಕೇಸರಿಗೆ ಸ್ವಲ್ಪ ಕಂದು ಸೇರಿಸಿ ಮಂಜಿನ ಹಾಗೆ ಹೊಡೆಯಬೇಕು. ಆಗಲೇ ಮೈ ಉಬ್ಬಿ ಕಾಣುವುದು. ಅಲ್ಲಿ ಕೈ ಒಂದು ಕ್ಷಣ ನಿಂತರೆ ಕಲೆ. ನಮ್ಮಲ್ಲಿ ಹೊಸ ಹುಡುಗರಿಗೆ ಮೊದಲು ಮೂರ್ತಿ ಕೊಡುವುದೇ ಇಲ್ಲ. ಹಳೆಯ ಪೇಪರ್ ಗೋಡೆಗೆ ಅಂಟಿಸಿ, ಕಪ್ಪಿಗೆ ನೀರು ಮತ್ತು ಇಂಕು ಹಾಕಿ ಕೊಡುತ್ತೇವೆ. ಇಂಕು ಕಟ್ಟಿಕೊಳ್ಳುವುದಿಲ್ಲ, ಅದರಿಂದ ಗಮನ ಎಲ್ಲಾ ಬೆರಳಿನ ಮೇಲೆ ಇರುತ್ತದೆ. ಮೊದಲು ಚುಕ್ಕಿ. ಒಂದೇ ಗಾತ್ರದ ಚುಕ್ಕಿ ಸಾಲಾಗಿ. ಆಮೇಲೆ ಚುಕ್ಕಿಯಿಂದ ಚುಕ್ಕಿಗೆ ಗೆರೆ. ಆಮೇಲೆ ಒಂದು ತುದಿ ದಪ್ಪ, ಇನ್ನೊಂದು ತುದಿ ಕೂದಲಿನಷ್ಟು ಸಣ್ಣ ಆಗುವ ಗೆರೆ. ಇದು ಬಂದರೆ ಮುಕ್ಕಾಲು ಪಾಲು ಬಂತು. ಕೊನೆಗೆ ಕಪ್ಪಿನಿಂದ ಬಿಳಿಗೆ ಎಲ್ಲೂ ಅಂಚು ಕಾಣದ ಹಾಗೆ ಕರಗಿಸುವುದು.

ಬೆರಳಿನ ಅಭ್ಯಾಸ ಹೀಗಿರಬೇಕು: ಗಾಳಿ ಮೊದಲು, ಬಣ್ಣ ಆಮೇಲೆ. ನಿಲ್ಲಿಸುವಾಗ ಬಣ್ಣ ಮೊದಲು, ಗಾಳಿ ಕೊನೆಗೆ. ಗುಂಡಿಯನ್ನು ಎಳೆದೇ ಗಾಳಿ ನಿಲ್ಲಿಸಿದರೆ ತುದಿಯಲ್ಲಿ ಬಣ್ಣ ಕೂತಿರುತ್ತದೆ, ಮುಂದಿನ ಸಲ ಒತ್ತಿದಾಗ ಥೂ ಅಂತ ಉಗುಳುತ್ತದೆ. ಕೈ ಮೂರ್ತಿಯ ಆಚೆಯಿಂದಲೇ ಓಡುತ್ತಾ ಬರಬೇಕು, ಈಚೆ ದಾಟಿದ ಮೇಲೆ ನಿಲ್ಲಬೇಕು. ಓಡಬೇಕಾದ್ದು ಪೂರಾ ತೋಳು, ಮಣಿಕಟ್ಟು ಅಲ್ಲ. ಮಣಿಕಟ್ಟು ತಿರುಗಿಸಿದರೆ ನಡುವೆ ಹತ್ತಿರ, ಎರಡು ತುದಿಯಲ್ಲಿ ದೂರ ಆಗಿಬಿಡುತ್ತದೆ.

ಫೆವಿಕ್ರಿಲ್ ಕೇಳಿದಿರಿ. ನಡೆಯುತ್ತದೆ, ನಾವು ಆ ತರಹದ್ದೇ ಹೊಡೆಯುತ್ತೇವೆ, ಆದರೆ ನಮ್ಮದು 0.5 ನಾಜಲ್. ನೀರಿನಲ್ಲಿ ಕಲಸಿ, ನೈಲಾನ್ ಕಾಲುಚೀಲದ ಬಟ್ಟೆಯಲ್ಲಿ ಸೋಸಿಯೇ ಕಪ್ಪಿಗೆ ಹಾಕುತ್ತೇವೆ. ನಿಮ್ಮ 0.3ರಲ್ಲಿ ಅಭ್ಯಾಸಕ್ಕೆ ಓಕೆ, ಅಷ್ಟು ಸಣ್ಣ ವಿಮಾನಕ್ಕೆ ಪುಡಿ ದಪ್ಪ ಆಗುತ್ತದೆ. ಕಣ್ಣು ಮಾತ್ರ ನಾವು ಇವತ್ತಿಗೂ ಗನ್‌ನಲ್ಲಿ ಮಾಡುವುದಿಲ್ಲ, ಕೈ ಬ್ರಷ್ಷೇ.

---

ಬೆಣ್ಣೆಕೇಕ್:

ಒಂದೇ ಮಾತು, ಯಾಕೆಂದರೆ ಇದನ್ನು ಓದಿ ಯಾರಾದರೂ ಇದನ್ನೂ ಮಾಡಿಬಿಡಬಹುದು. ಮಾಡೆಲ್‌ಗೆ ಬಳಸಿದ ಗನ್‌ನಲ್ಲಿ ಕೇಕ್ ಮೇಲೆ ಬಣ್ಣ ಹೊಡೆಯಬೇಡಿ, ಎಷ್ಟೇ ತೊಳೆದಿದ್ದರೂ. ಮಗುವಿನ ಹುಟ್ಟಿದಹಬ್ಬಕ್ಕೆ ಆಸೆ ಆಗುತ್ತದೆ, ಗೊತ್ತು. ಕೇಕಿಗೆ ಬೇರೆ ಗನ್, ತಿನ್ನುವ ಬಣ್ಣ, ಎಣ್ಣೆ ಹಾಕದ ಕಂಪ್ರೆಸರ್. ಪೈಪೂ ಬೇರೆ ಇದ್ದರೆ ಒಳ್ಳೆಯದು.

---

ಕಡಲಕರೆ:

ಮಂಗಳೂರು ಕಡೆಯಿಂದ. ನಿಮಗೆ ಬೆಂಗಳೂರಿನ ಒಣ ಹವೆ ಸಮಸ್ಯೆ, ನಮಗೆ ಅದರ ಉಲ್ಟಾ. ಮಳೆಗಾಲದಲ್ಲಿ ಇಲ್ಲಿ ಗಾಳಿಯಲ್ಲೇ ನೀರು. ಆ ಗಾಳಿಯನ್ನು ಕಂಪ್ರೆಸರ್ ಒತ್ತಿ ಬಿಸಿ ಮಾಡುತ್ತದೆ, ಪೈಪಿನಲ್ಲಿ ಬರುತ್ತಾ ತಣ್ಣಗಾಗುತ್ತದೆ, ಆಗ ನೀರು ಬೇರೆಯಾಗಿ ಗನ್‌ನಿಂದ ಟಪ್ ಅಂತ ಬಣ್ಣದ ಮೇಲೆ ಬೀಳುತ್ತದೆ. ಕಂಪ್ರೆಸರ್ ಮೇಲಿರುವ ಬಟ್ಟಲು ಇದಕ್ಕೆ ಪೂರ್ತಿ ಸಾಲದು, ಯಾಕೆಂದರೆ ಅಲ್ಲಿ ಗಾಳಿ ಇನ್ನೂ ಬಿಸಿಯಾಗಿಯೇ ಇರುತ್ತದೆ. ಗನ್ ಕೆಳಗೇ ಸಿಕ್ಕಿಸುವ ಸಣ್ಣ ಫಿಲ್ಟರ್ ಸಿಗುತ್ತದೆ, ಅದನ್ನು ಹಾಕಿ. ಪೈಪ್ ಉದ್ದ ಇದ್ದಷ್ಟೂ ಒಳ್ಳೆಯದು, ದಾರಿಯಲ್ಲೇ ತಣ್ಣಗಾಗುತ್ತದೆ.

ಕೆಲಸ ಮುಗಿದ ಮೇಲೆ ಟ್ಯಾಂಕ್ ಅಡಿಯ ತಿರುಪು ಬಿಚ್ಚಿ ಗಾಳಿ ನೀರು ಎರಡೂ ಬಿಡಿ. ಜುಲೈನಲ್ಲಿ ನನ್ನ ಟ್ಯಾಂಕ್‌ನಿಂದ ಕೆಂಪು ನೀರೇ ಬರುತ್ತದೆ. ಒಳಗೆ ತುಕ್ಕು ಹಿಡಿಯುವುದು ಹೀಗೇ.

ಮತ್ತೆ, ಮಳೆ ದಿನ ಲ್ಯಾಕರ್ ಹೊಡೆದರೆ ಮೇಲೆ ಬಿಳಿ ಬೂದಿ ಹಾಗೆ ಮಸುಕು ಕಟ್ಟುತ್ತದೆ. ಥಿನ್ನರ್ ಬೇಗ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲಿ ಕೂರುತ್ತದೆ. ನಿಧಾನ ಹಾರುವ ಲೆವೆಲಿಂಗ್ ಥಿನ್ನರ್ ಹಾಕಿದರೆ ಕಡಿಮೆ ಆಗುತ್ತದೆ. ಅದಕ್ಕಿಂತ ಸುಲಭ ಅಂದ್ರೆ ಆ ದಿನ ಹೊಡೆಯದೆ ಇರುವುದು, ಕಿಟ್‌ನ ಒಳಗಿನ ಕಾಕ್‌ಪಿಟ್ ಕೆಲಸ ಮಾಡಿಕೊಳ್ಳುವುದು.

---

ಡಬ್ಬಿವಿಮಾನ:

ಎಲ್ಲರಿಗೂ ಥ್ಯಾಂಕ್ಸ್. ಟ್ಯಾಂಕ್ ಇರುವ ಕಂಪ್ರೆಸರ್, 130 ಗನ್ ಬಂದಾಯಿತು. ಓನರ್ ಇನ್ನೂ ಏನೂ ಕೇಳಿಲ್ಲ. ಗಣಪನವರು ಹೇಳಿದ ಹಾಗೆ ಇಂಕಿನಲ್ಲಿ ಚುಕ್ಕಿ ಗೆರೆ ನಡೀತಾ ಇದೆ, ಅದು ಚೆನ್ನಾಗಿಯೇ ಬರುತ್ತಿದೆ. ಬಣ್ಣಕ್ಕೆ ಬಂದಾಗ ಮೂರು ತೊಂದರೆ.

ಐದು ನಿಮಿಷ ಹೊಡೆದ ಮೇಲೆ ಬಣ್ಣ ಬರುವುದು ನಿಲ್ಲುತ್ತದೆ, ಜಾಸ್ತಿ ಎಳೆದರೆ ಒಮ್ಮೆಲೇ ಉಗುಳುತ್ತದೆ. ಕೆಲವು ಸಲ ಜೇಡರ ಕಾಲಿನ ಹಾಗೆ ಬಣ್ಣ ನಾಲ್ಕು ಕಡೆ ಓಡುತ್ತದೆ. ಇನ್ನು ಕೆಲವು ಸಲ ಮೇಲ್ಮೈ ಮುಟ್ಟಿದರೆ ಮರಳು ಕಾಗದ. ಜತೆಗೆ ನಿನ್ನೆಯಿಂದ ಕಪ್ಪಿನಲ್ಲಿ ಗುಳುಗುಳು ಗುಳ್ಳೆ ಬರುತ್ತಿದೆ. ಅದು ನಾಲ್ಕನೆಯದು ಆಯಿತು.

ಮತ್ತೆ ಮಾಸ್ಕ್. ಕೋವಿಡ್ ಕಾಲದ ಎನ್-95 ಇವೆ, ಸಾಕಾ?

---

ಮೂರನೇ_ಕೋಟು:

ನಾಲ್ಕೂ ಎಲ್ಲರಿಗೂ ಬರುವಂಥವೇ.

ಬಣ್ಣ ನಿಲ್ಲುವುದು ಸೂಜಿ ತುದಿಯಲ್ಲಿ ಒಣಗಿದ್ದರಿಂದ. ಬೆಂಗಳೂರಿನ ಬೇಸಿಗೆಯಲ್ಲಿ ನೀರಿನ ಅಕ್ರಿಲಿಕ್‌ಗೆ ಇದು ತಪ್ಪಿದ್ದಲ್ಲ. ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಒಂದು ಹನಿ ಸೇರಿಸಿ. ಮುಂದಿನ ಕ್ಯಾಪ್ ಹೊರಗೆ ಚೂರು ಸೂಜಿ ಕಾಣುತ್ತದಲ್ಲ, ಆಗಾಗ ಅದನ್ನು ಥಿನ್ನರ್ ಅದ್ದಿದ ಮೆತ್ತನೆ ಬ್ರಷ್‌ನಿಂದ ಒರೆಸಿ. ಬೆರಳ ಉಗುರಿನಲ್ಲಿ ಕೀಳಲು ಹೋಗಬೇಡಿ, ತುದಿ ಬಗ್ಗಿದರೆ ಆಮೇಲೆ ಬಣ್ಣ ಯಾವಾಗಲೂ ಒಂದು ಪಕ್ಕಕ್ಕೇ ಹೋಗುತ್ತದೆ.

ಜೇಡರ ಕಾಲು ಅಂದ್ರೆ ಒಂದೇ ಜಾಗಕ್ಕೆ ಬಣ್ಣ ಜಾಸ್ತಿ ಬಿತ್ತು. ತುಂಬಾ ಹತ್ತಿರ, ಇಲ್ಲವೇ ತುಂಬಾ ತೆಳು, ಇಲ್ಲವೇ ಒತ್ತಡ ಜಾಸ್ತಿ. ಮರಳು ಕಾಗದ ಅದರ ವಿರುದ್ಧ: ದೂರ ಜಾಸ್ತಿ, ಹನಿ ದಾರಿಯಲ್ಲೇ ಒಣಗಿ ಪುಡಿಯಾಗಿ ಕೂತಿದೆ. ಐದಾರು ಸೆಂಟಿಮೀಟರ್ ದೂರದಿಂದ ನೋಡಿ, ಕೈ ಓಡುತ್ತಲೇ ಇರಲಿ. ಮೊದಲ ಕೋಟಿನಲ್ಲಿ ಪ್ಲಾಸ್ಟಿಕ್ ಬಣ್ಣ ಇನ್ನೂ ಕಾಣುತ್ತಿರಬೇಕು. ಎರಡರಲ್ಲಿ ಅರ್ಧ ಮುಚ್ಚಬೇಕು. ಒಂದೇ ಸಲಕ್ಕೆ ಮುಚ್ಚುವ ಆತುರವೇ ಎಲ್ಲಾ ಕೆಡಿಸುವುದು. ನನ್ನ ಹೆಸರು ಸುಮ್ನೆ ಇಟ್ಟುಕೊಂಡಿದ್ದಲ್ಲ.

ಕಪ್ಪಿನಲ್ಲಿ ಗುಳ್ಳೆ ಅಂದ್ರೆ ಮುಂದೆ ಹೋಗಬೇಕಾದ ಗಾಳಿ ಹಿಂದೆ ಬರುತ್ತಿದೆ. ನಾಜಲ್ ಕ್ಯಾಪ್ ಸಡಿಲ ಇರಬಹುದು, ಇಲ್ಲವೇ ನಾಜಲ್ ಕೂರುವ ಜಾಗದಲ್ಲಿ ಒಣ ಬಣ್ಣ ಸೇರಿಕೊಂಡಿರಬಹುದು. ಬಿಚ್ಚಿ ಒರೆಸಿ, ಕೈಬಿಗಿ ಮಾಡಿ. ಆಗಲೂ ಬಂದರೆ ನಾಜಲ್ ಬಾಯಿ ಸೀಳಿದೆಯಾ ಅಂತ ಬೂತಗನ್ನಡಿಯಲ್ಲಿ ನೋಡಿ. ಈ ಗನ್‌ಗೆ ಹೆಚ್ಚುವರಿ ನಾಜಲ್ ಅಗ್ಗ, ಒಂದೆರಡು ತರಿಸಿಟ್ಟುಕೊಳ್ಳಿ.

ಇದೆಲ್ಲದರ ಅರ್ಧ ತೊಳೆಯುವುದರಲ್ಲೇ ಸರಿಹೋಗುತ್ತದೆ. ಬಣ್ಣ ಬದಲಿಸುವಾಗ: ಉಳಿದದ್ದು ಚೆಲ್ಲಿ, ಕಪ್ಪಿಗೆ ನೀರು ಅಥವಾ ಆ ಬಣ್ಣದ ಕ್ಲೀನರ್ ಹಾಕಿ, ಮುಂದಿನ ಬಾಯಿ ಬಟ್ಟೆಯಲ್ಲಿ ಮುಚ್ಚಿ ಮೆಲ್ಲಗೆ ಒತ್ತಿ. ಈಗ ನಾವೇ ಬೇಕೆಂದು ಗುಳ್ಳೆ ಬರಿಸುತ್ತೇವೆ, ಒಳಗಿನ ಕೊಳೆ ಮೇಲೆ ಬರುತ್ತದೆ. ಚೆಲ್ಲಿ. ತಿಳಿ ನೀರು ಬರುವವರೆಗೆ ಹೊಡೆಯಿರಿ. ದಿನದ ಕೊನೆಗೆ ಸೂಜಿ ಹಿಂದಿನಿಂದ ಎಳೆದು ಒರೆಸಿ. ಹಲ್ಲಿನ ಸಂದಿಗೆ ಬಳಸುವ ಪುಟ್ಟ ಬ್ರಷ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಕಪ್ಪಿನ ಅಡಿಯ ತೂತಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್‌ನಲ್ಲಿ ನೆನೆ ಹಾಕಬೇಡಿ, ಒಳಗಿನ ಹಿತ್ತಾಳೆ ತಿನ್ನುತ್ತದೆ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ (ಲ್ಯಾಕರ್‌ಗೆ ಹಾಕುವಂಥದ್ದು) ಲೋಹಕ್ಕೆ ಏನೂ ಮಾಡುವುದಿಲ್ಲ, ಆದರೆ ಅಗ್ಗದ ಗನ್‌ನ ರಬ್ಬರ್ ರಿಂಗ್ ಅದರಲ್ಲಿ ಉಬ್ಬುತ್ತದೆ. ಮಾಡೆಲ್ ಮೇಲಂತೂ ಅದನ್ನು ಒದ್ದೆಯಾಗಿ ಹೊಡೆಯಬೇಡಿ, ಪ್ಲಾಸ್ಟಿಕ್ ಕರಗುತ್ತದೆ.

ಮಾಸ್ಕ್. ಎನ್-95 ಹನಿ, ಪುಡಿ ತಡೆಯುತ್ತದೆ. ನೀರಿನ ಅಕ್ರಿಲಿಕ್‌ಗೆ ಅದು ಸಾಕು, ಮತ್ತು ಬೇಕೇ ಬೇಕು, ವಾಸನೆ ಇಲ್ಲ ಅಂದ ಮಾತ್ರಕ್ಕೆ ಪುಡಿ ಶ್ವಾಸಕೋಶಕ್ಕೆ ಹೋಗುವುದಿಲ್ಲ ಅಂತಲ್ಲ. ಲ್ಯಾಕರ್ ಆವಿಗೆ ಅದು ಏನೂ ಮಾಡುವುದಿಲ್ಲ. ಅದಕ್ಕೆ ಎರಡು ಪಕ್ಕ ಕಾರ್ಟ್ರಿಡ್ಜ್ ಇರುವ ಅರ್ಧ ಮುಖದ ರೆಸ್ಪಿರೇಟರ್, ಆರ್ಗ್ಯಾನಿಕ್ ವೇಪರ್ ಅಂತ ಬರೆದಿರುವುದು. ಬಳಸಿದ ಮೇಲೆ ಗಾಳಿಯಾಡದ ಜಿಪ್ ಚೀಲದಲ್ಲಿ ಇಡಿ. ಹೊರಗೆ ತೂಗುಹಾಕಿದರೆ ಕಾರ್ಟ್ರಿಡ್ಜ್ ಸುಮ್ಮನೆ ಕೂತೇ ಖರ್ಚಾಗುತ್ತದೆ. ಆದರೆ ಮಾಸ್ಕ್ ನಿಮ್ಮನ್ನು ಮಾತ್ರ ಕಾಯುತ್ತದೆ, ಮಗುವನ್ನಲ್ಲ. ಲ್ಯಾಕರ್ ಹೊಡೆಯುವುದಾದರೆ ಬಾಲ್ಕನಿಯಲ್ಲಿ, ಮನೆ ಕಡೆಯ ಬಾಗಿಲು ಮುಚ್ಚಿ. ರಟ್ಟಿನ ಡಬ್ಬಿಗೆ ಸಾಮಾನ್ಯ ಎಕ್ಸಾಸ್ಟ್ ಫ್ಯಾನ್ ಕಟ್ಟಿ ಬೂತ್ ಮಾಡಿಕೊಳ್ಳುತ್ತಾರೆ. ನೀರಿನ ಬಣ್ಣಕ್ಕೆ ಚೆನ್ನಾಗಿದೆ. ಲ್ಯಾಕರ್ ಆವಿ ಮೋಟಾರ್ ಮೇಲೇ ಹಾದು ಹೋಗುವುದರಿಂದ ಕಿಡಿ ಭಯ ಇದೆ, ಅದಕ್ಕೆ ಬೇಡ.

---

ಹ್ಯಾಂಬರ್ಗ್‌_ಹೈದ:

ಗುಳ್ಳೆ ಬಂತಾ. ನಾನು ಏನೂ ಹೇಳುವುದಿಲ್ಲ.

ಬೆಳ್ಳಿ ಮೈಗೆ ಮಾತ್ರ ಒಂದು ಸಲಹೆ. ಲೋಹದ ಬಣ್ಣ ಚೆನ್ನಾಗಿ ಕಾಣುವುದು ಅದರ ಕೆಳಗಿನ ಕೋಟಿನಿಂದ. ಕೆಳಗೆ ಹೊಳೆಯುವ ಕಪ್ಪು, ಕನ್ನಡಿ ಹಾಗೆ ನುಣುಪು. ಅಲ್ಲಿ ಒಂದು ಧೂಳು ಕೂತಿದ್ದರೂ ಬೆಳ್ಳಿ ಅದನ್ನು ಎತ್ತಿ ತೋರಿಸುತ್ತದೆ. ಕಿಟ್ ಭಾಗಗಳನ್ನು ಮೊದಲು ಪಾತ್ರೆ ಸೋಪಿನಲ್ಲಿ ತೊಳೆಯಿರಿ, ಅಚ್ಚಿನ ಎಣ್ಣೆ ಇರುತ್ತದೆ. ಕಪ್ಪು ಪೂರಾ ಒಣಗಲು ಒಂದೆರಡು ದಿನ ಬಿಡಿ. ಆಮೇಲೆ ಆಲ್‌ಕ್ಲಾಡ್ ತರಹದ ಲೋಹದ ಲ್ಯಾಕರ್, 12ರಿಂದ 15 ಪಿಎಸ್ಐ, ಬಹಳ ತೆಳು ಪದರ. ಅದು ಬಾಟಲಿಯಲ್ಲೇ ತೆಳು, ಏನೂ ಸೇರಿಸಬೇಡಿ. ಲ್ಯಾಕರ್ ಬೇಡ ಅಂದರೆ ವಲೆಹೊದವರದೇ ಮೆಟಲ್ ಕಲರ್ ನೀರಿನದ್ದು, ಆ ಸಾಲು ನಿಜಕ್ಕೂ ಚೆನ್ನಾಗಿದೆ, ಮಗು ಇರುವ ಮನೆಗೆ ನಾನಾಗಿದ್ದರೆ ಅದನ್ನೇ ತಗೊಳ್ಳುತ್ತಿದ್ದೆ.

ಇಡೀ ವಿಮಾನ ಒಂದೇ ಬೆಳ್ಳಿ ಮಾಡಬೇಡಿ. ಪ್ಯಾನೆಲ್‌ಗಳ ಹೊಳಪು ಒಂದೇ ಸಮ ಇರುವುದಿಲ್ಲ, ಬಾಲದ ಕೊನೆಯಲ್ಲಿ ಎಂಜಿನ್ ಬಿಸಿಗೆ ಲೋಹ ಕಂದು ತಿರುಗಿರುತ್ತದೆ. ಬೆಂಗಳೂರಿನಲ್ಲೇ ಇದ್ದೀರಲ್ಲ, ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ ಬನ್ನಿ. ಅಲ್ಲಿ ಮಿಗ್-21 ನಿಂತಿದೆ, ಮಾರುತ್, ಅಜೀತ್ ಯುದ್ಧವಿಮಾನಗಳು ಕೂಡ ಇವೆ. ಪ್ರದರ್ಶನಕ್ಕೆ ಇಟ್ಟ ವಿಮಾನದ ಬಣ್ಣವನ್ನು ನಂಬಬೇಡಿ, ಅದು ಆಮೇಲೆ ಬಳಿದದ್ದು ಇರಬಹುದು. ಪ್ಯಾನೆಲ್ ಗೆರೆ ಎಲ್ಲಿ, ಚಕ್ರದ ಗೂಡು ಹೇಗಿದೆ, ಬಾಗಿಲು ಎಷ್ಟು ತೆರೆದಿದೆ, ಇದಕ್ಕೆ ಮಾತ್ರ ಫೋಟೋ ತೆಗೆದುಕೊಳ್ಳಿ.

---

ಮಣ್ಣಿನ_ಗಣಪ:

ಮೊದಲು ರೆಕ್ಕೆ ಅಡಿ ಭಾಗ ಹೊಡೆಯಿರಿ. ಕೈ ಕುದುರುವ ಹೊತ್ತಿಗೆ ಮೇಲೆ ಬರುತ್ತೀರಿ. ನಾವೂ ಮೂರ್ತಿ ಬೆನ್ನಿನಿಂದಲೇ ಶುರು ಮಾಡುವುದು.